ಕ್ಲಾಸಿಗೆ ಟ್ಯಾಬ್ ಬಂದಿದೆ, ಬೀಗ ಹಾಕಲಾ ಬಳಸಲಾ?

ಪ್ರಶ್ನೆ (ವಿಜ್ಞಾನ ಶಿಕ್ಷಕಿ):
ನಮಸ್ಕಾರ ಸರ್. ನಾನು ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಶಾಲೆಗೆ 20 ಟ್ಯಾಬ್ ಬಂದು ಎರಡು ತಿಂಗಳಾಯಿತು. ಮಕ್ಕಳು 38. ಮೊದಲ ವಾರ ಎಲ್ಲರಿಗೂ ಹಬ್ಬ, ಈಗ ನನಗೆ ತಲೆನೋವು. ಹಂಚುವುದಕ್ಕೆ ಹತ್ತು ನಿಮಿಷ, ಪಾಸ್‌ವರ್ಡ್ ಹಾಕಿಸುವುದಕ್ಕೆ ಇನ್ನು ಹತ್ತು ನಿಮಿಷ. ಅಷ್ಟರಲ್ಲಿ ಹಿಂದಿನ ಬೆಂಚಿನವರು ಗೇಮ್ ಶುರು ಮಾಡಿರುತ್ತಾರೆ. ಪಾಠಪುಸ್ತಕದ ಪಿಡಿಎಫ್ ಅದರಲ್ಲೇ ಓದಿಸಿ, ನೋಟ್ಸ್ ಕೂಡ ಅದರಲ್ಲೇ ಬರೆಸಿ ಅಂತ ಮೇಲಿನವರ ಒತ್ತಾಯ. ಇನ್ನೂ 18 ಟ್ಯಾಬ್ ಕೇಳಲಾ? ಇಲ್ಲ, ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಲಾ?

ಉತ್ತರ (ಶಿಕ್ಷಕರ ತರಬೇತುದಾರ):
ಮೇಡಂ, ಬೀಗ ಹಾಕಬೇಡಿ. ಇನ್ನೂ 18 ಕೇಳಲೂ ಬೇಡಿ. ಇಬ್ಬರಿಗೊಂದು ಅಂದರೆ 19 ಆಯಿತು. ಒಂದು ಕೈಕೊಟ್ಟ ದಿನಕ್ಕೆ ಇನ್ನೊಂದು ಇದೆ. ನಿಮಗೆ ಸರಿಯಾದ ಲೆಕ್ಕವೇ ಸಿಕ್ಕಿದೆ.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಮೊದಮೊದಲು ನಾನೂ ಒಬ್ಬೊಬ್ಬರಿಗೆ ಒಂದೊಂದು ಕೊಡಿಸಿ ಕೈ ಸುಟ್ಟುಕೊಂಡವನು. ಕ್ಲಾಸು ನಿಶ್ಶಬ್ದವಾಯಿತು, ಶಿಸ್ತು ಬಂತು ಅಂದುಕೊಂಡೆ. ಹಿಂದೆ ಹೋಗಿ ನಿಂತು ನೋಡಿದರೆ ಯಾರೂ ಯಾರ ಜೊತೆಗೂ ಮಾತಾಡುತ್ತಿಲ್ಲ, ಅಷ್ಟೇ. ಇಬ್ಬರ ನಡುವೆ ಒಂದು ಇಟ್ಟರೆ ಜಗಳ ಬರುತ್ತೆ, ನಿಜ. ಆದರೆ "ಅಲ್ಲ ಕಣೋ, ಅದು ಮೂವತ್ತು ಅಲ್ಲ, ಇಪ್ಪತ್ತು" ಅನ್ನುವ ಜಗಳವೂ ಬರುತ್ತೆ. ನಮಗೆ ಬೇಕಿರುವುದು ಅದೇ ಅಲ್ವಾ?

ಪಾಠಪುಸ್ತಕವನ್ನು ಅದರಲ್ಲಿ ಓದಿಸಬೇಡಿ. ಕಾಗದದ ಓದು ಮತ್ತು ಪರದೆಯ ಓದಿನ ಮೇಲೆ ನಡೆದ 54 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ ಭಾಗವಹಿಸಿದವರೇ 1.7 ಲಕ್ಷಕ್ಕಿಂತ ಜಾಸ್ತಿ. ಕಥೆ ಓದುವಾಗ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮಾಹಿತಿ ಇರುವ ಪಠ್ಯ ಓದುವಾಗ ಕಾಗದದಲ್ಲಿ ಓದಿದವರಿಗೇ ಚೆನ್ನಾಗಿ ಅರ್ಥವಾಗಿತ್ತು. ವಿಜ್ಞಾನದ ಪಾಠ ಈ ಎರಡನೇ ಬಗೆಯದು. ಮೇಲಿನವರು ಕೇಳಿದರೆ ಇದನ್ನೇ ಹೇಳಿ. ನೋಟ್ಸ್‌ಗೂ ನೋಟ್‌ಬುಕ್ಕೇ ಇರಲಿ. ಪುಸ್ತಕ ಮಾಡುವ ಕೆಲಸ ಪುಸ್ತಕವೇ ಮಾಡಲಿ. ಪುಸ್ತಕದ ಕೈಲಿ ಆಗದ್ದಕ್ಕೆ ಮಾತ್ರ ಟ್ಯಾಬ್ ತೆಗೆಯಿರಿ.

ಉದಾಹರಣೆಗೆ, ವಸ್ತು ಬೀಳುವಾಗ ವೇಗ ಹೆಚ್ಚುತ್ತದೆ ಅಂತ ಪುಸ್ತಕ ಹೇಳುತ್ತೆ. ಕಣ್ಣಿಗೆ ಅದು ಕಾಣುವುದಿಲ್ಲ, ಚೆಂಡು ದಬ್ ಅಂತ ಬಿದ್ದೇ ಹೋಗಿರುತ್ತೆ. ಗೋಡೆಗೆ ಒಂದು ಮೀಟರ್ ಸ್ಕೇಲನ್ನು ನೆಟ್ಟಗೆ ಅಂಟಿಸಿ. ಒಬ್ಬರು ಸೊನ್ನೆಯ ಗುರುತಿನ ಹತ್ತಿರ ಚೆಂಡು ಬಿಡಲಿ, ಇನ್ನೊಬ್ಬರು ವಿಡಿಯೋ ಮಾಡಲಿ. ಸಾಮಾನ್ಯವಾಗಿ ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಅಂದರೆ ಮೂರು ಫ್ರೇಮಿಗೆ 0.1 ಸೆಕೆಂಡ್. ಒಂದೊಂದೇ ಫ್ರೇಮ್ ಸರಿಸಬಲ್ಲ ಪ್ಲೇಯರ್ ಹಾಕಿಕೊಳ್ಳಿ. ಪ್ರತಿ ಮೂರನೇ ಫ್ರೇಮಿನಲ್ಲಿ ಚೆಂಡು ಎಲ್ಲಿದೆ ಅಂತ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಹೆಚ್ಚುಕಮ್ಮಿ 5, 20, 44, 78 ಸೆಂಟಿಮೀಟರ್ ಬರಬೇಕು. ಟ್ಯಾಬ್ ಕೆಲಸ ಹದಿನೈದು ನಿಮಿಷ, ಉಳಿದದ್ದು ಪೆನ್ಸಿಲ್ಲಿನದ್ದು.

ಹಂಚುವ ಗೋಳಿಗೆ ಮದ್ದು ಸುಲಭ. ಪ್ರತಿ ಟ್ಯಾಬಿಗೆ ನಂಬರ್ ಅಂಟಿಸಿ, ಪ್ರತಿ ಜೋಡಿಗೆ ಯಾವಾಗಲೂ ಅದೇ ನಂಬರ್. ಲಾಗಿನ್ ಬೇಡದ ಆ್ಯಪ್ ಇರಲಿ. ಬೇಕಾದದ್ದನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಡಿ, 20 ಟ್ಯಾಬ್ ಒಟ್ಟಿಗೆ ಒಂದು ವೈಫೈಗೆ ಮುಗಿಬಿದ್ದರೆ ಪಾಠ ಅಲ್ಲಿಗೇ ಮುಗಿಯಿತು.

ಪ್ರಶ್ನೆ (ಇನ್ನೊಬ್ಬ ಶಿಕ್ಷಕರು):
ಸರ್, ಗೇಮ್ ಆಡದ ಹಾಗೆ ಪೂರ್ತಿ ಲಾಕ್ ಮಾಡಿಬಿಟ್ಟರೆ?

ಉತ್ತರ:
ಮಾಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಪಿನ್ನಿಂಗ್, ಐಪ್ಯಾಡ್‌ನಲ್ಲಿ ಗೈಡೆಡ್ ಆಕ್ಸೆಸ್ ಅಂತ ಇದೆ. ಒಂದೇ ಆ್ಯಪ್‌ನಲ್ಲಿ ಕಟ್ಟಿಹಾಕುತ್ತವೆ. 2013ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಶಾಲೆಗಳು ಮಕ್ಕಳಿಗೆ ಐಪ್ಯಾಡ್ ಹಂಚಿದಾಗ, ಲಾಕ್ ಇರುವ ಪ್ರೊಫೈಲನ್ನೇ ಮಕ್ಕಳು ಅಳಿಸಿಬಿಟ್ಟರು. ಅದಕ್ಕೆ ಹೆಚ್ಚು ದಿನವೇನೂ ಹಿಡಿಯಲಿಲ್ಲ. ನಮ್ಮ ಮಕ್ಕಳು ಅವರಿಗಿಂತ ಕಡಿಮೆ ಅಂತ ನಾನಂತೂ ಅಂದುಕೊಂಡಿಲ್ಲ.

ನಾನು ಮಾಡುವುದು ಇಷ್ಟೇ. "ಬೋರಲು" ಅಂದ ಕೂಡಲೇ ಎಲ್ಲ ಟ್ಯಾಬ್ ಮುಖ ಕೆಳಗಾಗಬೇಕು. ಎಲ್ಲವೂ ಬೋರಲಾಗುವ ತನಕ ನಾನು ಬಾಯಿ ಬಿಡುವುದಿಲ್ಲ. ಮತ್ತೆ, ಟೀಚರ್ ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ಮುಂದೆ ನಿಂತರೆ ಕಾಣುವುದು ಟ್ಯಾಬಿನ ಬೆನ್ನು ಮಾತ್ರ.

ಪ್ರಶ್ನೆ (ಪೋಷಕರು):
ಮನೆಯಲ್ಲಿ ಮೊಬೈಲ್, ಶಾಲೆಯಲ್ಲೂ ಟ್ಯಾಬ್. ಮಕ್ಕಳ ಕಣ್ಣಿನ ಗತಿ?

ಉತ್ತರ:
ನಾನು ಕಣ್ಣಿನ ಡಾಕ್ಟರಲ್ಲ ಅಮ್ಮ. ಆದರೆ ಅವರು ಹೇಳುವ ಒಂದು ಸೂತ್ರ ಕ್ಲಾಸಿಗೂ ಹೊಂದುತ್ತೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡ್ ನೋಡಬೇಕು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತೆ, ಅದಕ್ಕೇ ಕಣ್ಣು ಉರಿಯುವುದು. ಆಟದ ಪೀರಿಯಡ್ ಕಿತ್ತುಕೊಂಡು ಟ್ಯಾಬ್ ಪೀರಿಯಡ್ ಮಾಡಿದರೆ ಮಾತ್ರ ಜಗಳಕ್ಕೆ ಹೋಗಿ. ಹೊರಗಿನ ಬೆಳಕಿನಲ್ಲಿ ಕಳೆಯುವ ಹೊತ್ತು ಮಕ್ಕಳ ಕಣ್ಣಿಗೆ ಬೇಕೇ ಬೇಕು.

ಪ್ರಶ್ನೆ (ಲ್ಯಾಬ್ ನೋಡಿಕೊಳ್ಳುವವರು):
ರಜೆಗೆ ಮೊದಲು ಎಲ್ಲವನ್ನೂ ಬೀರುವಿನಲ್ಲಿಟ್ಟಿದ್ದೆವು. ಈಗ ನಾಲ್ಕು ಆನ್ ಆಗುತ್ತಿಲ್ಲ. ಒಂದರ ಬೆನ್ನು ಉಬ್ಬಿದ ಹಾಗಿದೆ.

ಉತ್ತರ:
ಉಬ್ಬಿದ್ದನ್ನು ಈಗಲೇ ಪಕ್ಕಕ್ಕಿಡಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಒಳಗೆ ಬ್ಯಾಟರಿ ಕೆಟ್ಟು ಗ್ಯಾಸ್ ತುಂಬಿರುತ್ತೆ, ಬೆಂಕಿ ಹತ್ತಬಹುದು. ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ರಿಪೇರಿಯವರಿಗೆ ಕೊಡಿ. ಉಳಿದ ಮೂರನ್ನು ಕಣ್ಣೆದುರೇ ಒಂದೆರಡು ಗಂಟೆ ಚಾರ್ಜಿಗಿಟ್ಟು ನೋಡಿ. ಪೂರ್ತಿ ಖಾಲಿಯಾಗಿದ್ದರೆ ಏಳುವುದಕ್ಕೆ ಹೊತ್ತು ಹಿಡಿಯುತ್ತೆ. ಮುಂದಿನ ರಜೆಗೆ ಅರ್ಧ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ ಇಡಿ.

ಮೊದಲಿನ ಶಿಕ್ಷಕಿ, ಎಂಟು ದಿನದ ಮೇಲೆ:
ಸರ್, ಚೆಂಡು ಬೀಳಿಸಿದೆವು. ಬೋರಲು ಸೂತ್ರ ಕೆಲಸ ಮಾಡಿತು. ಆದರೆ ನೀವು ಹೇಳಿದ ಸಂಖ್ಯೆ ಒಬ್ಬರಿಗೂ ಬರಲಿಲ್ಲ! ಒಂದು ಜೋಡಿಗೆ 8, 26, 53, 90 ಬಂತು. ಫ್ರೇಮ್ ಎಣಿಸಿದ್ದು ಸರಿಯಾಗೇ ಇದೆ, ನಾನೇ ನೋಡಿದೆ. ಜೊತೆಗೆ ಕೆಳಗಡೆ ಚೆಂಡು ಚೆಂಡಿನ ಹಾಗೇ ಕಾಣುವುದಿಲ್ಲ, ಉದ್ದಕ್ಕೆ ಎಳೆದ ಹಾಗಿದೆ. ಮಕ್ಕಳಿಗೆ ತಪ್ಪು ಅಂತ ಹೇಳಲಾ?

ಉತ್ತರ:
ಅಯ್ಯೋ, ಹೇಳಲೇಬೇಡಿ. ಆ ಜೋಡಿ ಚೆನ್ನಾಗಿ ಅಳೆದಿದೆ. ಒಂದರಿಂದ ಇನ್ನೊಂದನ್ನು ಕಳೆದು ನೋಡಿ. 18, 27, 37. ಪ್ರತಿ ಸಲ ಸುಮಾರು 10 ಸೆಂಟಿಮೀಟರ್ ಜಾಸ್ತಿ ಬೀಳುತ್ತಿದೆ. ನನ್ನ ಸಂಖ್ಯೆಗಳಲ್ಲೂ ಅಷ್ಟೇ, 15, 24, 34.

ಮೊದಲ ಸಂಖ್ಯೆ ಯಾಕೆ ತಪ್ಪಿತು ಅಂದರೆ, ಕೈ ಬಿಟ್ಟ ಗಳಿಗೆಗೂ ಸೊನ್ನೆ ಅಂತ ಎಣಿಸಿದ ಫ್ರೇಮಿಗೂ ನಡುವೆ 0.03 ಸೆಕೆಂಡ್ ಹೋಗಿದೆ. ಅಷ್ಟರಲ್ಲಿ ಚೆಂಡು ಅರ್ಧ ಸೆಂಟಿಮೀಟರ್ ಕೂಡ ಇಳಿದಿರುವುದಿಲ್ಲ, ಇನ್ನೂ ಕೈಯಲ್ಲೇ ಇದೆ ಅನಿಸುತ್ತೆ. ಶುರು ಎಲ್ಲಿಂದ ಎಣಿಸಿದರೂ ಆ 10 ಬದಲಾಗುವುದಿಲ್ಲ. ಇದನ್ನು ನೀವು ಹೇಳಬೇಡಿ, ಬೇರೆ ಬೇರೆ ಜೋಡಿಗಳ ಪಟ್ಟಿಯನ್ನು ಬೋರ್ಡ್ ಮೇಲೆ ಬರೆಸಿ ಸುಮ್ನೆ ನಿಲ್ಲಿ.

ಎಳೆದ ಹಾಗೆ ಕಾಣುವುದಕ್ಕೆ ಕಾರಣ ಬೆಳಕು ಸಾಲದಿರುವುದು. ಆಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಜಾಸ್ತಿ ಹೊತ್ತು ಕಣ್ಣು ತೆರೆದಿರುತ್ತೆ, ಅಷ್ಟರಲ್ಲಿ ಚೆಂಡು ಕೆಳಗೆ ಸರಿದಿರುತ್ತೆ. ಮುಂದಿನ ಸಲ ಕಿಟಕಿ ಹತ್ತಿರ ಮಾಡಿ. ಆದರೆ ಈ ವಿಡಿಯೋ ಅಳಿಸಬೇಡಿ. ಮೇಲಿನ ಫ್ರೇಮಿನಲ್ಲಿ ಚೆಂಡು ದುಂಡಗಿದೆ, ಕೆಳಗೆ ಬಂದ ಹಾಗೆ ಉದ್ದ ಆಗಿದೆ. ಯಾಕೆ ಅಂತ ಹಿಂದಿನ ಬೆಂಚಿನವರನ್ನು ಕೇಳಿ ನೋಡಿ.