ತಾತನ ಬರ್ಮಾ ಡೈರಿ: ನಾವು ದಾರಿ ಹುಡುಕಿದ್ದು ಹೀಗೆ

ಸಕಲೇಶಪುರದ ಅಕ್ಕ, ಅಟ್ಟದ ಟ್ರಂಕಿನಲ್ಲಿ ನಿಮ್ಮ ತಾತನ ಬರ್ಮಾ ಯುದ್ಧದ ಡೈರಿ ಸಿಕ್ಕಿದೆ, ಅವರು ಎಲ್ಲೆಲ್ಲಿ ಇದ್ದರು ಅಂತ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ನಮ್ಮದು ಅರಕಲಗೂಡು ಕಡೆ. ನಮ್ಮ ತಾತನೂ ಎರಡನೇ ಮಹಾಯುದ್ಧದಲ್ಲಿ ಸ್ಯಾಪರ್ ಆಗಿದ್ದರು. ಸೇತುವೆ, ರಸ್ತೆ ಮಾಡುವ ಕೆಲಸ.

ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ. ಹರಿದ ಹಾಳೆಗೆ ಮಾತ್ರ ಟೇಪ್ ಅಂಟಿಸಬೇಡಿ. ನಾವು ಅಂಟಿಸಿ ನಾಲ್ಕು ಪುಟದ ಅಕ್ಷರ ಕಳೆದುಕೊಂಡೆವು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ನಮಗೆ ಜಾಸ್ತಿ ಕಷ್ಟ ಆಗಿದ್ದು ತಾರೀಖು. ಮೊದಲ ಪುಟದಲ್ಲಿ ‘ತಾರಣ ಸಂವತ್ಸರ’ ಅಂತ ಇತ್ತು, ಅಷ್ಟೇ. ಅಂದರೆ 1944ರ ಯುಗಾದಿಯಿಂದ 1945ರ ಯುಗಾದಿ ತನಕ. ಊರಿನ ಹೆಸರುಗಳನ್ನು ತಾತ ಕಿವಿಗೆ ಬಿದ್ದ ಹಾಗೆ ಬರೆದಿದ್ದರು. ‘ಕಲೆವ’ ಅನ್ನುವುದನ್ನು ನಾವು ಯಾರದೋ ಹೆಸರು ಅಂದುಕೊಂಡಿದ್ದೆವು. ಒಂದು ದಿನ ಅಣ್ಣ ನಕ್ಷೆ ಮುಂದಿಟ್ಟುಕೊಂಡು ಜೋರಾಗಿ ಓದಿದ. ಆಗ ಗೊತ್ತಾಯಿತು, ಅದು ಚಿಂದ್ವಿನ್ ನದಿ ದಡದ ಕಲೇವಾ! 1944ರ ಡಿಸೆಂಬರಿನಲ್ಲಿ ಅಲ್ಲಿ 1,154 ಅಡಿ ಉದ್ದದ ತೇಲುವ ಬೈಲಿ ಸೇತುವೆ (ಮೊದಲೇ ತಯಾರಿಸಿದ ಉಕ್ಕಿನ ಭಾಗಗಳನ್ನು ಜೋಡಿಸಿ ಮಾಡುವ ಸೇತುವೆ) ಕಟ್ಟಿದ್ದರು. ಅದೇ ಪುಟದ ಕೊನೆಗೆ ತಾತ ‘ಊರಲ್ಲಿ ರಾಗಿ ಕೊಯ್ಲು ಮುಗಿದಿರಬೇಕು’ ಅಂತ ಬರೆದಿದ್ದಾರೆ. ತಿಂಗಳು ಸರಿಯಾಗಿ ಕೂತಿತು. ಆ ಸಾಲು ಓದಿ ಅವತ್ತು ಅಮ್ಮ ಎದ್ದು ಒಳಗೆ ಹೋದರು.

ಅದಕ್ಕೇ ಹೇಳುತ್ತೇನೆ, ಕಾಳಗದ ಮಾತನ್ನೇ ಹುಡುಕಬೇಡಿ. ಹಬ್ಬ, ಮಳೆ, ಕೊಯ್ಲು, ಜ್ವರ ಇವನ್ನೂ ಗುರುತು ಹಾಕಿ. ‘ಹಳದಿ ಗುಳಿಗೆ’ ಅಂತ ಬಂದರೆ ಅದು ಮಲೇರಿಯಾ ತಡೆಯಲು ದಿನಾ ಕೊಡುತ್ತಿದ್ದ ಮೆಪಾಕ್ರಿನ್. ಅದನ್ನು ನುಂಗಿ ನುಂಗಿ ಮೈಯೇ ಹಳದಿ ಆಗುತ್ತಿತ್ತು.

ಟ್ರಂಕಿನ ತಳವನ್ನೂ ನೋಡಿ. ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆ ಆದಾಗ ಕೊಡುವ ಪುಸ್ತಕ) ಅಥವಾ ಪಿಂಚಣಿ ಕಾಗದ ಸಿಕ್ಕರೆ ಅದರಲ್ಲಿ ನಂಬರು, ಪಡೆಯ ಹೆಸರು ಇರುತ್ತದೆ. ಆರು ಮೂಲೆಯ ನಕ್ಷತ್ರದ ಪದಕಕ್ಕೆ ಕಡುನೀಲಿ, ಕೆಂಪು, ಕಿತ್ತಳೆ ಪಟ್ಟಿಯ ರಿಬ್ಬನ್ ಇದ್ದರೆ ಅದು ಬರ್ಮಾ ಯುದ್ಧದಲ್ಲಿ ಇದ್ದವರಿಗೆ ಕೊಟ್ಟ ಬರ್ಮಾ ಸ್ಟಾರ್. ಪಡೆಯ ಹೆಸರು ತಿಳಿದರೆ ಅರ್ಧ ಕೆಲಸ ಆದ ಹಾಗೆ. ಒಂದೊಂದು ಪಡೆಯೂ ತನ್ನದೇ ಯುದ್ಧ ದಿನಚರಿ ಇಡುತ್ತಿತ್ತು, ಎಷ್ಟೋ ಈಗ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಅದರಲ್ಲಿ ಸಾಮಾನ್ಯ ಸಿಪಾಯಿಯ ಹೆಸರು ಸಿಗುವುದು ಅಪರೂಪ. ಆದರೆ ಪಡೆ ಯಾವ ದಿನ ಎಲ್ಲಿತ್ತು ಅನ್ನುವುದು ಸಿಗುತ್ತದೆ. ತಾತನ ಪುಟವನ್ನು ಪಕ್ಕದಲ್ಲಿಟ್ಟು ಓದಿ.

ಬಿಡಿಸಲಾಗದ ಊರಿನ ಹೆಸರು ಇದ್ದರೆ ಆ ಪುಟ ಹಾಕಿ ಅಕ್ಕ. ಅಣ್ಣನೂ ನಾನೂ ಕೂತು ಓದುತ್ತೇವೆ.