ಗಾಲಿಕುರ್ಚಿಯ ಮಗಳು, 14 ಕಿ.ಮೀ. ದೂರದ ಕಾಲೇಜು: ದಿನದ ಓಡಾಟಕ್ಕೆ ದಾರಿ ಯಾವುದು?

ಪ್ರಶ್ನೆ

ಮಗಳಿಗೆ ಹದಿನೈದು ವರ್ಷ. ಹುಟ್ಟಿನಿಂದ ಸ್ಪೈನಾ ಬಿಫಿಡಾ, ಅಂದರೆ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದೆ ಹುಟ್ಟಿದ್ದಾಳೆ. ಕಾಲಲ್ಲಿ ಬಲವೂ ಇಲ್ಲ, ಸ್ಪರ್ಶವೂ ಇಲ್ಲ. ಕೈ ಗಟ್ಟಿ, ಬೆನ್ನು ನೆಟ್ಟಗೆ ಕೂರುತ್ತಾಳೆ. ತಲೆಯಲ್ಲಿ ತುಂಬುವ ನೀರು ಇಳಿಯಲು ಶಂಟ್ ಎಂಬ ಕೊಳವೆ ಹಾಕಿದ್ದಾರೆ. ತೂಕ 46 ಕೆ.ಜಿ. ಊರ ಶಾಲೆಗೆ ಇಷ್ಟು ದಿನ ಅವರಪ್ಪ ಎತ್ತಿ ಆಟೋದಲ್ಲಿ ಕೂರಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಆದಮೇಲೆ ಹಾಸನದ ಪಿಯು ಕಾಲೇಜಿಗೆ 14 ಕಿ.ಮೀ. ಹೋಗಬೇಕು. ಈಗ ಅವಳು ಯಾರೂ ಎತ್ತಬಾರದು ಅನ್ನುತ್ತಾಳೆ. ತಿಳಿದವರು ಹೇಳಿ.

ಫಿಸಿಯೋಥೆರಪಿಸ್ಟ್ ಒಬ್ಬರು

ಅವಳು ಹೇಳುವುದೇ ಸರಿ ಅಕ್ಕಾ. 46 ಕೆ.ಜಿ.ಯನ್ನು ದಿನಕ್ಕೆ ನಾಲ್ಕು ಸಲ ಎತ್ತಿ ಇಳಿಸಿದರೆ ಅವರಪ್ಪನ ಸೊಂಟ ಉಳಿಯುವುದಿಲ್ಲ. ಅವರಿಗೆ ಜ್ವರ ಬಂದ ದಿನ ಮಗಳಿಗೆ ಕಾಲೇಜೂ ಇಲ್ಲ. ಎತ್ತುವುದನ್ನು ನಂಬಿಕೊಂಡ ವ್ಯವಸ್ಥೆ ಪಿಯು ಎರಡು ವರ್ಷ ಬಾಳುವುದಿಲ್ಲ. ಕೈ ಗಟ್ಟಿಯಿರುವ ಹುಡುಗಿ ವೀಲ್‌ಚೇರಿಗೂ ಆಟೋ ಸೀಟಿಗೂ ನಡುವೆ ಇಟ್ಟ ಹಲಗೆಯ ಮೇಲೆ ತಾನೇ ಸರಿದು ಕೂರುವುದನ್ನು ಕಲಿಯಬಹುದು.

ಹಲಗೆಯನ್ನು ಬಡಗಿಯಿಂದ ಮಾಡಿಸಿ. 18 ಮಿ.ಮೀ. ಪ್ಲೈವುಡ್, ಉದ್ದ 75 ಸೆಂ.ಮೀ., ಅಗಲ 22 ಸೆಂ.ಮೀ. ಎರಡೂ ತುದಿಯನ್ನು ಇಳಿಜಾರಾಗಿ ಹೆರೆಸಿ, ಉಜ್ಜುಕಾಗದ ಹಾಕಿಸಿ, ಎರಡು ಕೋಟು ವಾರ್ನಿಷ್ ಕೊಡಿಸಿ. ಮೊದಲು ಮನೆಯ ಮಂಚದ ಮೇಲೆ ಅಭ್ಯಾಸ ಮಾಡಲಿ, ಆಟೋ ಆಮೇಲೆ. ವೀಲ್‌ಚೇರನ್ನು ಸೀಟಿಗೆ ಸುಮಾರು 30 ಡಿಗ್ರಿ ಓರೆಯಾಗಿ ನಿಲ್ಲಿಸಿ ಎರಡೂ ಬ್ರೇಕ್ ಹಾಕಬೇಕು, ಸೀಟಿನ ಕಡೆಯ ಆರ್ಮ್‌ರೆಸ್ಟ್ ತೆಗೆಯಬೇಕು, ಫುಟ್‌ರೆಸ್ಟ್ ಪಕ್ಕಕ್ಕೆ ತಿರುಗಿಸಬೇಕು. ಹಲಗೆಯ ಮೂರನೇ ಒಂದು ಭಾಗ ತೊಡೆಯಡಿ ಹೋಗಬೇಕು. ಆಮೇಲೆ ಮುಂದಕ್ಕೆ ಬಾಗಿ, ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿ ತಲೆ ವಾಲಿಸಿ, ಕೈಯೂರಿ ಗಿಡ್ಡ ಗಿಡ್ಡ ಸರಿತ. ಎಳೆದುಕೊಂಡು ಹೋದರೆ ಚರ್ಮ ಕಿತ್ತುಬರುತ್ತದೆ. ಅವಳಿಗೆ ನೋವು ಗೊತ್ತಾಗುವುದಿಲ್ಲವಾದ್ದರಿಂದ ಇದು ಹುಣ್ಣಾಗುವವರೆಗೆ ತಿಳಿಯುವುದೇ ಇಲ್ಲ. ಬೆರಳು ಹಲಗೆಯ ಅಂಚಿನ ಕೆಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಲಿ.

ಆಸ್ಪತ್ರೆಯಲ್ಲಿ ಕಾಣುವ ಮಾದರಿಯ ಕುರ್ಚಿಯ ಆರ್ಮ್‌ರೆಸ್ಟ್ ಬಿಚ್ಚಲು ಬರುವುದಿಲ್ಲ. ಅಂಥದ್ದಿದ್ದರೆ ಈ ಕೆಲಸ ಶುರುವೇ ಆಗುವುದಿಲ್ಲ, ಕುರ್ಚಿ ಬದಲಿಸಿ. ಸೊಂಟದ ಅಗಲಕ್ಕಿಂತ ಒಂದೆರಡು ಅಂಗುಲವಷ್ಟೇ ಅಗಲವಾದ ಸೀಟು ಸಾಕು. "ಬೆಳೆಯುವ ಮಗು" ಅಂತ ದೊಡ್ಡದು ಕೊಂಡರೆ ಮೈ ಒಂದು ಕಡೆ ವಾಲಿ ಬೆನ್ನು ಸೊಟ್ಟಗಾಗುತ್ತದೆ.

ಪ್ರಶ್ನೆ ಕೇಳಿದವರು

ಆಟೋ ಸೀಟು ವೀಲ್‌ಚೇರಿಗಿಂತ ಎತ್ತರ ಇದೆಯಲ್ಲ, ಮೇಲಕ್ಕೆ ಸರಿಯುವುದು ಹೇಗೆ?

ವಾಹನ ಮಾರ್ಪಾಡು ಕೆಲಸದವರು

ಸೀಟನ್ನು ತಗ್ಗಿಸಲು ಆಗುವುದಿಲ್ಲ, ಕುರ್ಚಿಯನ್ನು ಎತ್ತರಿಸಿ. ಮನೆಯ ಮುಂದೆ ಒಂದು ಕಟ್ಟೆ ಕಟ್ಟಿಸಿ. ನೆಲದಿಂದ ಆಟೋ ಸೀಟಿನ ಮೇಲ್ಭಾಗದವರೆಗೆ, ಯಾರಾದರೂ ಕೂತು ಫೋಮ್ ಒತ್ತಿಕೊಂಡಾಗ, ಅಳೆಯಿರಿ. ಅವಳ ಕುರ್ಚಿಯದನ್ನೂ ಹಾಗೇ ಅಳೆಯಿರಿ. ವ್ಯತ್ಯಾಸವೇ ಕಟ್ಟೆಯ ಎತ್ತರ. 15 ಸೆಂ.ಮೀ. ಬಂದರೆ 1:12 (ಒಂದು ಪಾಲು ಏರಲು ಹನ್ನೆರಡು ಪಾಲು ಉದ್ದ) ಇಳಿಜಾರಿಗೆ 180 ಸೆಂ.ಮೀ. ಉದ್ದದ ರ‍್ಯಾಂಪ್ ಬೇಕು. ಮೇಲೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಚೌಕ ಜಾಗ ಬಿಡಿ. ಆಟೋ ನಿಲ್ಲುವ ಬದಿ, ಇಳಿಜಾರು ಸೇರುವ ಬದಿ ಬಿಟ್ಟು ಉಳಿದ ಅಂಚಿಗೆಲ್ಲ ಒಂದು ಇಟ್ಟಿಗೆಯಷ್ಟು ತಡೆ ಇರಲಿ. ಸಿಮೆಂಟನ್ನು ನುಣ್ಣಗೆ ಮಾಡಿಸಬೇಡಿ, ಕಸಬರಿಕೆಯಿಂದ ಗೀರು ಎಳೆಸಿ. ಜೂನಿನಲ್ಲಿ ಕಾಲೇಜು, ಜೂನಿನಲ್ಲೇ ಮಳೆ. ಇಂಥದ್ದೇ ಕಟ್ಟೆ ಕಾಲೇಜಿನ ಗೇಟಿನೊಳಗೂ ಬೇಕು, ಇಲ್ಲದಿದ್ದರೆ ಅರ್ಧ ಕೆಲಸ ಮಾತ್ರ ಆದಂತೆ.

ಕುರ್ಚಿಯನ್ನು ಆಟೋ ಹಿಂದೆ ಸೈಕಲ್ ಟ್ಯೂಬಿನಿಂದ ಕಟ್ಟುವುದು ರೂಢಿ. ಬೇಡ. ಹಳ್ಳಕ್ಕೆ ಬಿದ್ದಾಗ ರಬ್ಬರ್ ಹಿಗ್ಗಿ ಕುರ್ಚಿ ಜಾರುತ್ತದೆ. ಬಕಲ್ ಇರುವ ನೈಲಾನ್ ಪಟ್ಟಿ ಎರಡು ತನ್ನಿ. ಗುಂಡಿ ಒತ್ತಿದರೆ ಚಕ್ರ ಕಳಚುವ ಕುರ್ಚಿಯಾದರೆ ಸೀಟಿನ ಹಿಂದಿನ ಜಾಗದಲ್ಲೇ ಹಿಡಿಯಬಹುದು, ಮೊದಲು ಇಟ್ಟು ನೋಡಿ. ಆಟೋದಲ್ಲಿ ಬೆಲ್ಟ್ ಇರುವುದಿಲ್ಲ, ಸೀಟಿನ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ ಸೊಂಟದ ಬೆಲ್ಟ್ ಕೂಡಿಸಿ. ಜೊತೆಗೆ ಬರುವವರು ತೆರೆದ ಬದಿಯಲ್ಲಿ ಕೂರಲಿ.

ವ್ಯಾನಿಗೆ ರ‍್ಯಾಂಪ್ ಹಾಕಿಸಿ ಅಂತ ಹಲವರು ಹೇಳಿಯಾರು. ನಿಮ್ಮ ಮಗಳು ಸರಿದು ಕೂರಬಲ್ಲಳಾದರೆ ಆ ಖರ್ಚು ಈಗ ಬೇಡ ಎಂಬುದು ನನ್ನ ಅಭಿಪ್ರಾಯ. ವ್ಯಾನಿನ ನೆಲ 50 ಸೆಂ.ಮೀ. ಎತ್ತರ ಇದ್ದು ರ‍್ಯಾಂಪ್ 2 ಮೀಟರ್ ಇದ್ದರೆ ಇಳಿಜಾರು 1:4 ಆಗುತ್ತದೆ. ಅವಳೂ ಕುರ್ಚಿಯೂ ಸೇರಿ 60 ಕೆ.ಜಿ.ಯಾದರೆ, ತಳ್ಳುವವರ ಮೇಲೆ ಸುಮಾರು 15 ಕೆ.ಜಿ. ಭಾರ. 1:12ರಲ್ಲಿ ಅದು 5 ಕೆ.ಜಿ. ಅಷ್ಟೇ. 1:4ರಲ್ಲಿ ತಳ್ಳುವುದು ಒಬ್ಬರೇ ತಾಯಿ ದಿನಾ ಮಾಡುವ ಕೆಲಸವಲ್ಲ. ಮಡಚುವ ಕುರ್ಚಿಯಲ್ಲೇ ಕೂತು ಪ್ರಯಾಣಿಸುವುದಕ್ಕಿಂತ ವಾಹನದ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರುವುದು ಕ್ಷೇಮ.

ಮುಂದೆ ಎಂದಾದರೂ ವ್ಯಾನ್ ಮಾಡಿಸಿದರೆ ಕುರ್ಚಿ ಮುಂದಕ್ಕೇ ಮುಖ ಮಾಡಿರಬೇಕು, ಅಡ್ಡಡ್ಡ ನಿಲ್ಲಿಸಲೇಬಾರದು. ನಾಲ್ಕು ಪಟ್ಟಿಗಳನ್ನು ಚೌಕಟ್ಟಿಗೆ ಕಟ್ಟಬೇಕು, ಚಕ್ರಕ್ಕೋ ಫುಟ್‌ರೆಸ್ಟಿಗೋ ಅಲ್ಲ. ಕುರ್ಚಿಯ ಬ್ರೇಕನ್ನು ನಂಬಬೇಡಿ. ಅವಳಿಗೆ ಬೇರೆಯಾಗಿ ಸೊಂಟಕ್ಕೂ ಭುಜಕ್ಕೂ ಬೆಲ್ಟ್ ಬೇಕು. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸಿ, ವಿಮೆಯವರಿಗೂ ತಿಳಿಸಿ.

ತಾಲ್ಲೂಕು ಮಟ್ಟದ ಪುನರ್ವಸತಿ ಕಾರ್ಯಕರ್ತೆ

ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಮಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ. ಆದರೆ ಮೆಟ್ಟಿಲು ಹತ್ತಲಾಗದವರಿಗೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಹಾಗಾಗಿ ಕಾಲೇಜಿನ ಕಡೆಯಿಂದ ಕೇಳಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 16ನೇ ಕಲಂ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆ ಕಟ್ಟಡವನ್ನು ಬಳಸಲು ಬರುವಂತೆ ಮಾಡಬೇಕು, ವಿಕಲಚೇತನ ಮಕ್ಕಳಿಗೆ ಸಾರಿಗೆ ಒದಗಿಸಬೇಕು. ಹೆಚ್ಚಿನ ನೆರವು ಬೇಕಾದ ಮಕ್ಕಳ ಸಹಾಯಕರಿಗೂ ಅದು ಅನ್ವಯಿಸುತ್ತದೆ. ಬಾಯಿಮಾತು ಬೇಡ. ಕಟ್ಟೆ, ನೆಲಮಹಡಿಯ ತರಗತಿ, ಶೌಚಾಲಯ, ಸಾರಿಗೆ, ಈ ನಾಲ್ಕನ್ನೂ ಅಳತೆ ಸಮೇತ ಬರೆದು ಪ್ರಾಂಶುಪಾಲರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪ್ರತಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ ಕಳಿಸಿ.

ಸಮಗ್ರ ಶಿಕ್ಷಾ ಎಂಬ ಸರ್ಕಾರಿ ಶಾಲಾ ಯೋಜನೆಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಎಂದು ಇದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರನ್ನು ಹತ್ತನೇ ತರಗತಿಯಲ್ಲಿರುವಾಗಲೇ ಕಂಡು ಹೆಸರು ಸೇರಿಸಿ. ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಮೇಲೆ ಅವಧಿ ಮುಗಿಯುವ ದಿನಾಂಕ ಇದೆಯೇ ನೋಡಿ. ಚಿಕ್ಕವರಿದ್ದಾಗ ಮಾಡಿಸಿದ ಕಾರ್ಡ್ ಅವಧಿ ಮೀರಿ, ಅರ್ಜಿ ತಿರಸ್ಕಾರವಾಗುವುದು ಅಲ್ಲೇ.

ಬ್ಯಾಟರಿ ಗಾಡಿಯ ವಿಷಯ. ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯ ಮೋಟಾರು ತ್ರಿಚಕ್ರಕ್ಕೆ 16 ವರ್ಷ ತುಂಬಿ, ಶೇ. 80 ವೈಕಲ್ಯ ಪ್ರಮಾಣಪತ್ರ ಇರಬೇಕು. ಐಐಟಿ ಮದ್ರಾಸಿನಲ್ಲಿ ರೂಪುಗೊಂಡ ನಿಯೋಬೋಲ್ಟ್‌ನಂಥ ಜೋಡಣೆಯನ್ನು ವೀಲ್‌ಚೇರ್ ಮುಂದೆ ಸಿಕ್ಕಿಸಿದರೆ ಗಂಟೆಗೆ 25 ಕಿ.ಮೀ.ವರೆಗೆ ಓಡುತ್ತದೆ, ಒಂದು ಚಾರ್ಜಿಗೆ ಸುಮಾರು 25 ಕಿ.ಮೀ. ನಿಮಗೆ ಹೋಗಿಬರಲು 28 ಕಿ.ಮೀ. ಆಗುತ್ತದೆ, ಅದೂ ಲಾರಿ ಓಡುವ ರಸ್ತೆ. ದಿನದ ಓಡಾಟಕ್ಕೆ ಬೇಡ. ಪೇಟೆಯೊಳಗೆ ಗೆಳತಿಯರ ಜೊತೆ ಟ್ಯೂಷನ್ನಿಗೆ ಹೋಗಲು ಚೆನ್ನ.

ಮಕ್ಕಳ ವಾರ್ಡಿನ ನರ್ಸ್

ಶೌಚಾಲಯದ ಮಾತು ಬಂತಲ್ಲ, ಅದನ್ನೇ ಮೊದಲು ಗಟ್ಟಿ ಮಾಡಿಕೊಳ್ಳಿ ಅಮ್ಮಾ. ಕಾಲೇಜಿನಲ್ಲಿ ಅನುಕೂಲ ಇಲ್ಲ ಅಂತ ಗೊತ್ತಾದರೆ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಸ್ಪೈನಾ ಬಿಫಿಡಾದಲ್ಲಿ ಇದು ಮೂತ್ರದ ಸೋಂಕಿಗೆ, ಕೊನೆಗೆ ಕಿಡ್ನಿಗೇ ಬರುತ್ತದೆ. ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ಹಾಕಿಕೊಳ್ಳುವ ಮಕ್ಕಳಿಗೆ ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ಆಗಬೇಕು. ಪ್ರಯಾಣದ ಹೊತ್ತನ್ನೂ ಅದರಲ್ಲಿ ಸೇರಿಸಿ ಲೆಕ್ಕ ಹಾಕಿ, ಮಧ್ಯಾಹ್ನ ಒಂದು ಸಲ ಕಾಲೇಜಿನಲ್ಲೇ ಆಗಬೇಕಾಗುತ್ತದೆ. ಒಳಗಿನಿಂದ ಚಿಲಕ ಹಾಕುವ, ಬಾಗಿಲು 90 ಸೆಂ.ಮೀ. ಇರುವ ಕೋಣೆ, ಕೈ ತೊಳೆಯಲು ನೀರು ಬೇಕು. ಅವಳೇ ಹಾಕಿಕೊಳ್ಳಲು ಈ ರಜೆಯಲ್ಲಿ ಕಲಿಸಿ.

ಈ ಮಕ್ಕಳಲ್ಲಿ ಲ್ಯಾಟೆಕ್ಸ್ (ನೈಸರ್ಗಿಕ ರಬ್ಬರ್) ಅಲರ್ಜಿ ಹೆಚ್ಚು. ರಬ್ಬರ್ ಗ್ಲೌಸ್, ಲ್ಯಾಟೆಕ್ಸ್ ಕ್ಯಾಥೆಟರ್ ಬೇಡ ಅಂತ ಅವಳ ಜೊತೆ ಬರುವವರಿಗೂ ಹೇಳಿಡಿ.

ಆಟೋ ಎಂಜಿನ್ ಹಿಂದಿನ ಸೀಟಿನ ಹತ್ತಿರವೇ ಇರುತ್ತದೆ, ಬಿಸಿಲಲ್ಲಿ ನಿಂತ ಗಾಡಿಯ ರೆಕ್ಸಿನ್ ಸೀಟೂ ಸುಡುತ್ತದೆ. ಸ್ಪರ್ಶವಿಲ್ಲದ ಕಾಲಿಗೆ ಸುಟ್ಟಿದ್ದು ತಿಳಿಯುವುದಿಲ್ಲ. ನೀವು ಕೈಯಿಟ್ಟು ನೋಡಿದ ಮೇಲೆ ಕೂರಲಿ, ಬೂಟು ಕಾಲುಚೀಲ ಸದಾ ಇರಲಿ. ಆಟೋ ಸೀಟಿನ ಮೇಲೂ ದಪ್ಪ ಫೋಮ್ ದಿಂಬು ಹಾಕಿ. ಹಾಕಿದರೆ ಕಟ್ಟೆಯ ಅಳತೆಯನ್ನು ಅದರ ಸಮೇತ ತೆಗೆಯಿರಿ. ಸಂಜೆ ಕನ್ನಡಿ ಹಿಡಿದು ಪೃಷ್ಠ, ಹಿಮ್ಮಡಿ ಅವಳೇ ನೋಡಿಕೊಳ್ಳಲಿ. ಅರ್ಧ ಗಂಟೆ ಕಳೆದರೂ ಹೋಗದ ಕೆಂಪು ಕಂಡರೆ, ಅದು ಮಾಯುವವರೆಗೆ ಆ ಜಾಗದ ಮೇಲೆ ಭಾರ ಬೀಳಬಾರದು.

ಇನ್ನೊಂದು, ಮರೆಯಬೇಡಿ. ಶಂಟ್ ಇರುವ ಮಗು ದಾರಿಯಲ್ಲಿ ವಾಂತಿ ಮಾಡಿಕೊಂಡರೆ "ಆಟೋ ಆಗಿಬರಲಿಲ್ಲ" ಅಂತ ಸುಮ್ಮನಾಗಬೇಡಿ. ಜೊತೆಗೆ ತಲೆನೋವು, ತೂಕಡಿಕೆ ಇದ್ದರೆ ಕೂಡಲೇ ನ್ಯೂರೋಸರ್ಜನ್ ಇರುವ ಆಸ್ಪತ್ರೆಗೆ ಹೋಗಿ. ಶಂಟ್ ಕಟ್ಟಿಕೊಂಡರೂ ಇವೇ ಲಕ್ಷಣ. ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಕಾಲೇಜು ಬ್ಯಾಗಿನಲ್ಲೂ ಆಟೋದವರ ಹತ್ತಿರವೂ ಇಟ್ಟಿರಿ.