ಕಪಿಲ ಮರ ಹತ್ತುವಾಗ ದೇವದತ್ತ ಯಾಕೆ ಬಾಯಿ ಬಿಡಲಿಲ್ಲ?

ರಂಗದ_ಹುಚ್ಚು:
ನಮ್ಮೂರಿನ ಹವ್ಯಾಸಿ ತಂಡದಲ್ಲಿ ಗಿರೀಶ ಕಾರ್ನಾಡರ 'ಹಯವದನ' ಮಾಡುತ್ತಿದ್ದೇವೆ. ನನಗೆ ದೇವದತ್ತನ ಪಾತ್ರ. ಓದದವರಿಗೆ ಚಿಕ್ಕದಾಗಿ ಕಥೆ: ದೇವದತ್ತ ಕವಿ, ಪಂಡಿತನ ಮಗ. ಕಪಿಲ ಅವನ ಜೀವದ ಗೆಳೆಯ, ಕಮ್ಮಾರನ ಮಗ, ಗಟ್ಟಿಮುಟ್ಟಾದ ಆಳು. ದೇವದತ್ತನ ಹೆಂಡತಿ ಪದ್ಮಿನಿ, ಬಸುರಿ. ಮೂವರೂ ಗಾಡಿ ಕಟ್ಟಿಕೊಂಡು ಉಜ್ಜಯಿನಿಗೆ ಹೊರಡುತ್ತಾರೆ. ದಾರಿಯಲ್ಲಿ ಪದ್ಮಿನಿ ಕೇಳಿದಳು ಅಂತ ಕಪಿಲ ಹೂ ಕೀಳಲು ಮರ ಹತ್ತುತ್ತಾನೆ, ಅವಳು ಅವನ ಮೈಕಟ್ಟನ್ನೇ ನೋಡುತ್ತಾ ನಿಲ್ಲುತ್ತಾಳೆ, ದೇವದತ್ತ ಅವಳನ್ನು ನೋಡುತ್ತಾನೆ. ಅವಳಿಗೆ ಒಂದು ಮಾತೂ ಹೇಳುವುದಿಲ್ಲ. ಆಮೇಲೆ ಕಾಳಿಯ ಗುಡಿಗೆ ಹೋಗಿ ತಲೆ ಕಡಿದುಕೊಳ್ಳುತ್ತಾನೆ. ಕಪಿಲನೂ ಹಾಗೇ ಮಾಡುತ್ತಾನೆ, ದೇವಿ ಬದುಕಿಸುವ ಹೊತ್ತಿಗೆ ಇಬ್ಬರ ತಲೆ ಅದಲುಬದಲಾಗುತ್ತೆ. ನನ್ನ ಪ್ರಶ್ನೆ ಇಷ್ಟೇ. ಆ ಹೊತ್ತಿನಲ್ಲಿ ಅವನ ಮನಸ್ಸಲ್ಲಿ ಇರುವುದು ಸಿಟ್ಟಾ, ನಾಚಿಕೆಯಾ? ಮೂರು ವಾರದಿಂದ ಸುಮ್ನೆ ನಿಲ್ಲುತ್ತಿದ್ದೇನೆ, ಕಂಬದ ಹಾಗೆ ಕಾಣುತ್ತೆ ಅಂತಾರೆ ನಿರ್ದೇಶಕರು.

ಬೆಟ್ಟದ_ನೆಲ್ಲಿ:
ಅವನು ಹೇಳಲಿಲ್ಲ ಅನ್ನೋದೇ ತಪ್ಪು. ಹೊರಡುವ ಮುಂಚೆ ಏನಾಯಿತು ನೋಡಿ. ಪ್ರಯಾಣ ಬೇಡ, ನಿನ್ನ ಜೊತೆ ಒಬ್ಬನೇ ಇರಬೇಕು ಅನ್ನಿಸುತ್ತೆ ಅಂತ ಹೆಂಡತಿಗೆ ಹೇಳಿದ. ಅವಳೂ ಒಪ್ಪಿದಳು. ಕಪಿಲ ಬಂದ, ಅವನ ಮುಖ ಬಾಡಿತು, ಅಷ್ಟಕ್ಕೇ ಅವಳು ನಾನು ರೆಡಿ, ಹೋಗೋಣ ಅಂದುಬಿಟ್ಟಳು. ಗಂಡನ ಜೊತೆ ಆಡಿದ ಮಾತನ್ನು ಗೆಳೆಯನ ಎದುರಿಗೇ ಮುರಿದರೆ ಆ ಗಂಡ ಇನ್ನೊಂದು ಸಲ ಬಾಯಿ ಬಿಡುತ್ತಾನಾ? ನಾನಾದರೂ ಬಿಡುತ್ತಿರಲಿಲ್ಲ.

ಕಾವೇರಿ_ತೀರ:
ನೆಲ್ಲಿ ಅವರೇ, ಅವನು ಬಾಯಿ ಬಿಟ್ಟದ್ದು ಅರ್ಧ ಮಾತ್ರ. ಒಬ್ಬನೇ ಇರಬೇಕು ಅಂದ. ಕಪಿಲ ನಿನ್ನನ್ನು ನೋಡುವ ರೀತಿ ನನಗೆ ಸಂಕಟ ಆಗುತ್ತೆ, ನೀನು ಅವನನ್ನು ಹೊಗಳಿದಾಗ ನಾನು ಚಿಕ್ಕವನಾದ ಹಾಗೆ ಅನ್ನಿಸುತ್ತೆ ಅಂತ ಬಿಡಿಸಿ ಹೇಳಿದನಾ? ಕೆಣಕುವ ಹಾಗೆ, ಆಕ್ಷೇಪಣೆ ಮಾಡುವ ಹಾಗೆ ಕಪಿಲನ ಹೆಸರು ತಂದ. ಕೇಳುವವಳಿಗೆ ಅದು ಅನುಮಾನದ ಹಾಗೆ ಕೇಳುತ್ತೆ. ನೋವು ಅಂತ ಹೇಗೆ ಗೊತ್ತಾಗಬೇಕು ಅವಳಿಗೆ?

ಹಳೇ_ಪುಸ್ತಕ:
ಒಂದು ವಿಷಯ ಸೇರಿಸುತ್ತೇನೆ. ತಲೆ ಬದಲಾಗುವ ಕಥೆ ಮೊದಲು ಇದ್ದದ್ದು ಬೇತಾಳನ ಕಥೆಗಳಲ್ಲಿ, ಕಥಾಸರಿತ್ಸಾಗರದಲ್ಲಿ. ಅಲ್ಲಿ ಗೆಳೆಯನೇ ಇಲ್ಲ. ಗಂಡ ಮತ್ತು ಹೆಂಡತಿಯ ಅಣ್ಣ, ಅಷ್ಟೇ. ಗಂಡ ಭಕ್ತಿಯಿಂದ ದೇವಿಗೆ ತಲೆ ಒಪ್ಪಿಸುತ್ತಾನೆ, ಹೊಟ್ಟೆಕಿಚ್ಚಿನ ಸುಳಿವೂ ಇಲ್ಲ. 1940ರಲ್ಲಿ ಜರ್ಮನ್ ಲೇಖಕ ಥಾಮಸ್ ಮಾನ್ ಬರೆದ ಕಥೆಯಲ್ಲಿ ಅಣ್ಣನ ಜಾಗದಲ್ಲಿ ಗೆಳೆಯ ಇದ್ದಾನೆ, ಕಾರ್ನಾಡರು ಅಲ್ಲಿಂದ ಮುಂದುವರಿಸಿದರು. ಅಣ್ಣ ಹೋಗಿ ಗೆಳೆಯ ಬಂದದ್ದೇ ಸಾಕಾಯಿತು, ಭಕ್ತಿಯ ಕಥೆ ಅಳುಕಿನ ಕಥೆ ಆಯಿತು. ಹಾಗಾಗಿ ರಂಗದ_ಹುಚ್ಚು, ಹರಕೆ ತೀರಿಸಲು ಹೋದೆ ಅಂತ ಅವನು ಗುಡಿಯಲ್ಲಿ ಹೇಳುವುದನ್ನು ಪೂರ್ತಿ ನಂಬಿ ಆಡಬೇಡಿ. ಪದ್ಮಿನಿ ಸಿಕ್ಕರೆ ತೋಳು ಕಾಳಿಗೆ, ತಲೆ ರುದ್ರನಿಗೆ ಅಂತ ಹರಕೆ ಹೊತ್ತಿದ್ದ, ನಿಜ. ಮದುವೆ ಆದ ಮೇಲೆ ಅದು ನೆನಪಿಗೆ ಬಂದದ್ದು ಇವತ್ತೇ ಯಾಕೆ?

ಮೌನ_ಮುರಿದವನು:
ನನ್ನದೇ ಒಂದು ಹೇಳುತ್ತೇನೆ. ಮದುವೆಯಾಗಿ ಎರಡನೇ ವರ್ಷ. ಮನೆಯ ಮಿಕ್ಸಿ ಕೆಟ್ಟಿತ್ತು. ಒಂದು ವಾರ ನಾನು ಸ್ಕ್ರೂಡ್ರೈವರ್ ಹಿಡಿದು ಒದ್ದಾಡಿದೆ, ಆಗಲಿಲ್ಲ. ಭಾನುವಾರ ಊಟಕ್ಕೆ ಬಂದ ಗೆಳೆಯ ಅದನ್ನು ಮಗುಚಿ ಹಾಕಿ, ತಳದಲ್ಲಿದ್ದ ಕೆಂಪು ಗುಂಡಿ ಒತ್ತಿದ, ತಿರುಗಿತು. ಇವಳು ಚಪ್ಪಾಳೆ ತಟ್ಟಿ ನಕ್ಕಳು. ಇಷ್ಟೇ ನಡೆದದ್ದು. ನಾನು ತಲೆನೋವು ಅಂತ ಹೋಗಿ ಮಲಗಿದೆ. ಹಣೆಗೆ ಅಮೃತಾಂಜನ ಹಚ್ಚಿದಳು, ಕಣ್ಣು ಮುಚ್ಚಿಕೊಂಡೇ ಇದ್ದೆ. ಆಮೇಲೆ ಐದು ತಿಂಗಳು ಆ ಗೆಳೆಯನನ್ನು ಮನೆಗೆ ಕರೆಯಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಅವನ ಜೊತೆ ಏನೋ ದುಡ್ಡಿನ ಜಗಳ ಅಂತ ಅವಳು ಅಂದುಕೊಂಡಿದ್ದಳಂತೆ. ದೇವದತ್ತನ ಮನಸ್ಸಲ್ಲಿ ಸಿಟ್ಟು ಇರಲ್ಲ ರೀ. ಹೇಳಿದರೆ ನಾನು ಸಣ್ಣವನಾಗಿ ಕಾಣುತ್ತೇನೆ ಅನ್ನುವ ಭಯ ಇರುತ್ತೆ.

ಬೆಟ್ಟದ_ನೆಲ್ಲಿ:
ಆ ಭಯ ಅರ್ಥ ಆಗುತ್ತೆ ಸರ್. ಆದರೆ ಹೂವಿನ ಜಾಗ ಓದಿ. ಈ ಕೆಂಪು ಚುಕ್ಕಿ ನಿಮ್ಮ ಹಣೆಯ ಕುಂಕುಮದ ಹಾಗೆ, ಈ ಕೇಸರಿ ಗೆರೆ ಬೈತಲೆಯ ಹಾಗೆ, ತೊಟ್ಟಿನ ಹತ್ತಿರದ ಕಪ್ಪು ಚುಕ್ಕಿಗಳು ಕರಿಮಣಿ ಸರದ ಹಾಗೆ ಅಂತ ಕಪಿಲ ಪದ್ಮಿನಿಗೆ ತೋರಿಸುತ್ತಾನೆ, ಗಂಡನ ಎದುರೇ. ಇವಳೋ ದೇವದತ್ತನ ಕಡೆ ತಿರುಗಿ, ಇದನ್ನು ನಿನ್ನ ಕವಿತೆಯಲ್ಲಿ ಹಾಕಿಕೋ ಅನ್ನುತ್ತಾಳೆ. ತೋಳಿನ ಬಲ ಹೇಗೂ ಕಪಿಲನದು. ದೇವದತ್ತನಿಗೆ ಉಳಿದಿದ್ದದ್ದು ಮಾತೊಂದೇ, ಅದನ್ನೂ ಅವಳು ಕಿತ್ತು ಇನ್ನೊಬ್ಬನಿಗೆ ಕೊಟ್ಟಳು. ಅವನಿಗೆ ಮಾತು ನಿಂತದ್ದು ಅಲ್ಲಿ.

ಕಾವೇರಿ_ತೀರ:
ಇದು ಒಪ್ಪುತ್ತೇನೆ, ಚೆನ್ನಾಗಿ ಗುರುತಿಸಿದಿರಿ. ಆದರೂ ಪದ್ಮಿನಿಯ ಕಡೆಯಿಂದ ಯಾರೂ ಕೇಳುತ್ತಿಲ್ಲ, ಅದು ನನಗೆ ಬೇಜಾರು. ಅವಳಿಗೆ ಕಪಿಲನ ಮೇಲೆ ಆಸೆ ಹುಟ್ಟಿದೆ, ಅದನ್ನು ಅವಳೂ ಯಾರ ಹತ್ತಿರ ಹೇಳಬೇಕು? ಮದುವೆಯ ಮಾತಿಗೆ ಅವಳ ಮನೆ ಬಾಗಿಲಿಗೆ ಮೊದಲು ಹೋದವನೇ ಕಪಿಲ. ಇವಳಿಗೆ ಉಕ್ಕಿನಂಥ ಗಂಡಸು ಬೇಕು, ದೇವದತ್ತ ತುಂಬಾ ಮೆತ್ತಗೆ ಅಂತ ಅವನಿಗೆ ಅಲ್ಲೇ ಗೊತ್ತಾಯಿತು. ಬಂದು ಗೆಳೆಯನಿಗೆ ಹೇಳಿದನಾ? ಇಲ್ಲ. ಮೂವರಲ್ಲಿ ಮೊದಲು ಮಾತು ನುಂಗಿದ್ದು ಅವನು. ಕೊನೆಗೆ ದೇವದತ್ತ ಮಾಡುವುದನ್ನೂ ನೋಡಿ. ರುದ್ರನ ಗುಡಿಗೆ ನಾನು ಬರಲ್ಲ, ನೀವಿಬ್ಬರೇ ಹೋಗಿ ಅನ್ನುತ್ತಾನೆ. ಅವಳಿಗೆ ರೇಗುತ್ತೆ, ಹೋಗುತ್ತಾಳೆ. ಅವರು ಕಣ್ಮರೆಯಾದ ಮೇಲೆ ಇಬ್ಬರಿಗೂ ಒಳ್ಳೆಯದಾಗಲಿ ಅಂತ ಹರಸುತ್ತಾನೆ. ಅಷ್ಟು ಪ್ರೀತಿಯ ಮಾತನ್ನು ಕೇಳುವವರೇ ಇಲ್ಲದಾಗ ಆಡಿದ. ನನಗೆ ಪ್ರತಿ ಸಲ ಅಳು ಬರುವುದು ಅಲ್ಲೇ.

ಹಳೇ_ಪುಸ್ತಕ:
ಮರದ ದೃಶ್ಯದಲ್ಲೂ ಒಂದು ಸ್ವಗತ ಇದೆ ಅಲ್ವಾ? ಇಷ್ಟು ದಿನ ಕಪಿಲನ ಕಣ್ಣನ್ನಷ್ಟೇ ನೋಡಿದೆ, ಇವಳ ಕಣ್ಣನ್ನು ನೋಡಲೇ ಇಲ್ಲ ಅಂತ ಅವನಿಗೆ ಹೊಳೆಯುತ್ತೆ. ಅದನ್ನು ಅವಳ ಕಡೆಗೇ ತಿರುಗಿ ಹೇಳಲು ಹೊರಟವನ ಹಾಗೆ ಶುರು ಮಾಡಿ ನೋಡಿ.

ರಂಗದ_ಹುಚ್ಚು:
ನಿನ್ನೆ ಮಾಡಿ ನೋಡಿದೆ. ಸ್ವಗತ ಮುಗಿಸಿ, ಎರಡು ಹೆಜ್ಜೆ ಪದ್ಮಿನಿಯ ಕಡೆ ಹೋಗಿ, ಕೈ ಎತ್ತಿ ಭುಜ ಮುಟ್ಟಲು ಹೋದೆ. ಬಾಯಿಯೂ ತೆರೆದಿದ್ದೆ. ಅಷ್ಟರಲ್ಲಿ ಕಪಿಲನ ಪಾತ್ರದ ಹುಡುಗ ಏಣಿಯಿಂದ ದಪ್ಪಂತ ಹಾರಿ ಅವಳ ಮಡಿಲಿಗೆ ಹೂ ಸುರಿದ. ನನ್ನ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಅದನ್ನು ಎಲ್ಲಿ ಇಡಬೇಕು ಅಂತ ನಿಜವಾಗಿಯೂ ತಿಳಿಯಲಿಲ್ಲ, ಪಂಚೆಯ ಅಂಚು ಸರಿ ಮಾಡಿಕೊಂಡೆ. ಹಾರ್ಮೋನಿಯಂ ಮುಂದೆ ಕೂತಿದ್ದ ಹಿರಿಯರು ನುಡಿಸುವುದನ್ನು ನಿಲ್ಲಿಸಿದ್ದರು. ಅದನ್ನೇ ಇಟ್ಟುಕೋ ಅಂದರು ನಿರ್ದೇಶಕರು.